ಏಪ್ರಿಲ್ ಬಿಸಿಲು, ಗಂಜಿ ಸೀರೆ, ನನ್ನ ಸೈಕಲ್

ಹೋದ ಏಪ್ರಿಲ್‌ನಲ್ಲಿ ಒಂದು ದಿನ ಆಫೀಸಿಗೆ ಬಂದು ಕುಳಿತಾಗ ಪಕ್ಕದ ಟೇಬಲ್ಲಿನವರು ಕೇಳಿದರು: "ಇವತ್ತು ಆಟೋದಲ್ಲಿ ಬಂದ್ರಾ ಮೇಡಂ?" ಎರಡು ಬೇಸಿಗೆ ನಾನು ಕಾದಿದ್ದೇ ಈ ಮಾತಿಗೆ. ಸೈಕಲ್ ಕೆಳಗೆ ನಿಂತಿತ್ತು. ಹಣೆಯಲ್ಲಿ ಬೆವರಿಲ್ಲ, ನೆರಿಗೆ ಹಾಕಿದ ಹಾಗೇ ಇತ್ತು.

ಮೈಸೂರಿನ ಸರಸ್ವತಿಪುರಂನ ಮನೆಯಿಂದ ನಜರ್‌ಬಾದಿನ ಆಫೀಸಿಗೆ ಹೆಚ್ಚುಕಮ್ಮಿ 5 ಕಿಲೋಮೀಟರ್. ಶುರು ಮಾಡಿದಾಗ ಮನೆಯವರು, "ಸೀರೆ ಚಕ್ರಕ್ಕೆ ಸಿಕ್ಕಿದರೆ ಆಸ್ಪತ್ರೆ ಖರ್ಚು ನಾನು ಕೊಡಲ್ಲ" ಅಂದಿದ್ದರು. ಅವರ ಮಾತಿಗೆ ಹೆದರಿ ಮೊದಲು 14 ಸಾವಿರ ಕೊಟ್ಟು ಗೇರ್ ಸೈಕಲ್ ತಂದೆ. ಬೆನ್ನು ಬಗ್ಗಿಸಿ ಕೂರಬೇಕು. ಜಾರುವ ಟೀ ಶರ್ಟು, ಬೆನ್ನಿಗೆ ಬ್ಯಾಗು, ಆಫೀಸಿನ ಬಚ್ಚಲಲ್ಲಿ ಬಟ್ಟೆ ಬದಲು. ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನಿಂದ ಬರುತ್ತಿದ್ದ ವಾಸನೆ ಬಗ್ಗೆ ಹೇಳದಿರುವುದೇ ಒಳ್ಳೆಯದು. ಎಂಟು ತಿಂಗಳಿಗೆ ಅರ್ಧ ಬೆಲೆಗೆ ಮಾರಿದೆ.

ಆಮೇಲೆ ಬೇಸಿಗೆಯಲ್ಲಿ ಮಗಳನ್ನು ನೋಡಲು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ಗೆ ಹೋಗಿದ್ದೆ. ಅಲ್ಲಿನ ರೈಲ್ವೆ ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ನನ್ನ ಕಣ್ಣು ಹೋಗಿದ್ದು ಆ ಲೆಕ್ಕದ ಮೇಲಲ್ಲ, ಹೆಂಗಸರ ಬಟ್ಟೆ ಮೇಲೆ. ಉದ್ದ ಫ್ರಾಕು, ಕೂಲಿಂಗ್ ಗ್ಲಾಸು, ಬುಟ್ಟಿಯಲ್ಲಿ ಹೂವು. ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂತು ಹೋಗುತ್ತಾರೆ. ಯಾರಿಗೂ ಆತುರವಿಲ್ಲ. ಹಿಂದಿನ ಚಕ್ರದ ಎರಡೂ ಬದಿ ಒಂದು ಹೊದಿಕೆ. ಅದರ ಡಚ್ ಹೆಸರಿನ ಅರ್ಥ ಕೋಟು ಕಾಯುವುದು ಅಂತ. ನಮ್ಮ ಬೈಕಿನ ಸ್ಯಾರಿ ಗಾರ್ಡ್ ತಾನೇ! ನಾವು ಚಿಕ್ಕವರಿದ್ದಾಗ ಲೇಡೀಸ್ ಸೈಕಲ್ಲಿಗೆ ಬಣ್ಣದ ದಾರದ ಬಲೆ ಇರುತ್ತಿತ್ತಲ್ವಾ, ಅದು ನೆನಪಾಯಿತು.

ವಾಪಸ್ ಬಂದವಳೇ ಗುಜರಿಯಲ್ಲಿ ಹಳೇ 26 ಇಂಚಿನ ಲೇಡೀಸ್ ಸೈಕಲ್ ಹಿಡಿದೆ. ಒಂದು ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ಪೂರ್ತಿ ಚೈನ್ ಕವರ್ ಇತ್ತು, ಅದಕ್ಕೇ ತಗೊಂಡಿದ್ದು. ರಿಪೇರಿಗೆ ಇನ್ನೊಂದು ಐದು ಸಾವಿರ ಹೋಯಿತು.

ಬಲೆ ಮೂರು ಸಲ ಕಟ್ಟಿದೆ. ಹಿಂದಿನ ಮಡ್‌ಗಾರ್ಡಿನ ಅಂಚಿಗೆ ಸಣ್ಣ ತೂತು ಹಾಕಿಸಿ, ಅಲ್ಲಿಂದ ಚಕ್ರದ ನಡುವಿನ ಆಕ್ಸಲ್ ಕಡೆಗೆ ಹತ್ತಿ ದಾರ ಎಳೆದೆ. ಒಂದೇ ಮಳೆಗೆ ಜೋತುಬಿತ್ತು. ಆಮೇಲೆ ತಂತಿ. ಬೀದಿ ನಾಯಿಗಳೆಲ್ಲ ಎದ್ದು ನೋಡುವಷ್ಟು ಗಲಗಲ ಸದ್ದು. ಮೂರನೆಯದು ಈಗಲೂ ಇದೆ. ಯಾವ ದಾರ ಅಂತ ಮಾತ್ರ ಕೇಳಬೇಡಿ.

ಸೈಕಲ್ ಶಾಪಿನವರ ಜೊತೆ ದೊಡ್ಡ ಜಗಳ ಆಗಿದ್ದು ಫ್ರೀವೀಲ್, ಅಂದರೆ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆಯ ವಿಷಯಕ್ಕೆ. ಮುಂದೆ 44, ಹಿಂದೆ 18 ಹಲ್ಲು ಇತ್ತು. 22 ಹಾಕಿ ಅಂದೆ. "ಸುಮ್ನೆ ಕಾಲು ತಿರುಗ್ತಾ ಇರುತ್ತೆ ಅಮ್ಮ, ಸೈಕಲ್ ಮುಂದೆ ಹೋಗಲ್ಲ" ಅಂದರು. ಹಾಕಿದ ಮೇಲೆ ಚೈನು ಸಾಲದೆ ಎರಡು ಕೊಂಡಿ ಸೇರಿಸಬೇಕಾಯಿತು. ಕವರಿನ ಹಿಂಬದಿಗೆ ಚೈನು ಉಜ್ಜುತ್ತಿತ್ತು, ತಗಡನ್ನು ಒಳಗಿನಿಂದ ತಟ್ಟಿ ಉಬ್ಬಿಸಿದರು. ವೇಗ ಹೋಯಿತು, ನಿಜ. ಆದರೆ ಏರಿನಲ್ಲಿ ಏದುಸಿರೂ ಹೋಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಕೆಲವು ರಸ್ತೆಗಳಲ್ಲಿ ಗಂಟೆಗೆ 20 ಕಿಲೋಮೀಟರಲ್ಲಿ ಹೋದರೆ ಸಾಲಾಗಿ ಹಸಿರು ಸಿಗ್ನಲ್ ಸಿಗುತ್ತದೆ. ನನಗೆ 12 ಸಾಕು, ಸಿಗ್ನಲ್ಲಿನಲ್ಲಿ ನೆರಳಿದ್ದರೆ ಕೆಂಪೇ ಇರಲಿ.

ಚರ್ಮದ ಸೀಟಿನ ಕಥೆ ಬೇರೆ. ಒಣಗಿತ್ತು ಅಂತ ಕೊಬ್ಬರಿ ಎಣ್ಣೆ ತಿಕ್ಕಿದೆ. ದಿನವೆಲ್ಲ ಬಿಸಿಲಲ್ಲಿ ನಿಂತು, ಕುಡಿದಿದ್ದ ಎಣ್ಣೆಯನ್ನೆಲ್ಲ ಸೀಟು ಮೇಲೆ ಕಕ್ಕಿತ್ತು. ಅವತ್ತು ಉಟ್ಟಿದ್ದು ತಿಳಿ ಬಣ್ಣದ ಉಡುಪಿ ಸೀರೆ, 1,800 ರೂಪಾಯಿಯದ್ದು. ಹಿಂದೆ ತಟ್ಟೆಯಷ್ಟು ಕಲೆ ಇಟ್ಟುಕೊಂಡೇ ದೇವರಾಜ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಸೊಪ್ಪು ಆರಿಸಿದ್ದೇನೆ. ಈಗ ಸೀಟಿಗೆ ಹಳೇ ಜಮಖಾನದ ತುಂಡು ಹೊಲಿದಿದ್ದೇನೆ.

ಛತ್ರಿಯನ್ನೂ ಹ್ಯಾಂಡಲ್ಲಿಗೆ ಕ್ಲಾಂಪ್ ಹಾಕಿ ನೋಡಿದೆ. ನೆರಳೇನೋ ಸಿಕ್ಕಿತು. ಒಂದು ತಿರುವಿನಲ್ಲಿ ಗಾಳಿ ಬಂದು ಮುಖದ ಮೇಲೆ ಮಗುಚಿತು, ಹೋಗಿ ಎಳನೀರು ಗಾಡಿಗೆ ಗುದ್ದಿದೆ. ಗಾಡಿಯವರು ಬೈಯುವ ಮೊದಲೇ ಎರಡು ಎಳನೀರು ಕುಡಿದೆ. ಅಗಲ ಅಂಚಿನ ಹತ್ತಿ ಟೋಪಿಯೇ ಸರಿ.

ಇನ್ನು ಬೆವರು. ತುಳಿಯುವಾಗ ಗಾಳಿ ಆಡುತ್ತದೆ, ಗೊತ್ತಾಗುವುದಿಲ್ಲ. ನಿಲ್ಲಿಸಿದ ಕೂಡಲೇ ಧಾರಾಕಾರ. ಇದು ಅರ್ಥವಾಗಲು ನನಗೆ ಒಂದು ಬೇಸಿಗೆ ಬೇಕಾಯಿತು. ಹಾಗಾಗಿ ಕೊನೆಯ ಐದು ನಿಮಿಷ ನಡೆಯುವವರಿಗಿಂತ ಸ್ವಲ್ಪ ಜಾಸ್ತಿ ವೇಗ, ಅಷ್ಟೇ. ಬ್ಯಾಗು ಬೆನ್ನಿನಿಂದ ಬುಟ್ಟಿಗೆ ಇಳಿಯಿತು. ಸಾರಿನ ಡಬ್ಬಿ ಮಾತ್ರ ಬುಟ್ಟಿಯಲ್ಲಿ ಬೇಡ, ಒಂದು ಫೈಲಿಗೆ ಇವತ್ತಿಗೂ ಹುಣಸೆ ವಾಸನೆ ಇದೆ. ಕೃಷ್ಣರಾಜ ಬುಲೆವಾರ್ಡ್ ಮೇಲೆ ಹೋದರೆ ಸ್ವಲ್ಪ ಸುತ್ತು, ಆದರೆ ಮರಗಳಿವೆ.

ಸೀರೆ ಹತ್ತಿಯದ್ದೇ ಆಗಬೇಕು, ಗಂಜಿ ತೆಳ್ಳಗೆ. ಗಂಜಿ ಇದ್ದರೆ ಬಟ್ಟೆ ಮೈಗೆ ಅಂಟುವುದಿಲ್ಲ, ಒಳಗೆ ಗಾಳಿ ಓಡಾಡುತ್ತದೆ. ದಪ್ಪ ಹಾಕಿದರೆ ನೆರಿಗೆ ಹಲಗೆಯಂತೆ ನಿಂತು ಪೆಡಲಿಗೆ ಬಡಿಯುತ್ತದೆ. ನೆರಿಗೆಗೆ ಪಿನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಬರೆಯುವುದಿಲ್ಲ. ಮನೆಗೆ ಬನ್ನಿ, ಕಾಫಿ ಕೊಟ್ಟು ತೋರಿಸುತ್ತೇನೆ.

ಹೋದ ವಾರ ಪಂಕ್ಚರ್ ಹಾಕಿಸಲು ಹೋದಾಗ ಅದೇ ಶಾಪಿನವರು ಯಾರದ್ದೋ ಮಡ್‌ಗಾರ್ಡ್ ಹಿಡಿದು ಕೂತಿದ್ದರು. "ಅಮ್ಮ, ತೂತಿಗೂ ತೂತಿಗೂ ಎಷ್ಟು ಜಾಗ ಬಿಟ್ಟಿದ್ರಿ?" ಅಂದರು. ಎರಡು ಬೆರಳು ಅಂದೆ. "ದಾರ?" ಅಂದರು. ಪಂಕ್ಚರ್ ದುಡ್ಡು ಕೊಟ್ಟು ಸೈಕಲ್ ಹತ್ತಿದೆ.