ಹೊರಮಠವೋ, ಒಳಮಠವೋ?

ಚಳ್ಳಕೆರೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರ್‌ಗಳು ಬರುತ್ತವೆ. ಹೊಸ ತಂತಿ ಸುತ್ತಿ ಕಳಿಸುತ್ತೇನೆ. ಅದೇ ಅಂಗಡಿಯ ಒಂದು ಮೂಲೆಯಲ್ಲಿ ನನ್ನ ಹ್ಯಾಮ್ ರೇಡಿಯೋ ಇದೆ. ಅಂದರೆ ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ಅಂತ ದೂರದವರ ಜೊತೆ ಮಾತಾಡುವ ವೈರ್‌ಲೆಸ್ ಸೆಟ್. ಗಿರಾಕಿಗಳು ಅದನ್ನು ನೋಡಿ, ಇದರಲ್ಲಿ ಹಾಡು ಬರುತ್ತಾ ಅಂತ ಕೇಳುತ್ತಾರೆ. ಬರಲ್ಲ, ಬರುವ ಹಾಗೂ ಇಲ್ಲ ಅನ್ನುತ್ತೇನೆ. ಹ್ಯಾಮ್ ರೇಡಿಯೋದಲ್ಲಿ ಹಾಡು ಹಾಕುವ ಹಾಗಿಲ್ಲ, ವ್ಯಾಪಾರದ ಮಾತಾಡುವ ಹಾಗಿಲ್ಲ, ಗುಟ್ಟಿನ ಭಾಷೆ ಬಳಸುವ ಹಾಗಿಲ್ಲ, ಮಾಡಿದ ಕೆಲಸಕ್ಕೆ ದುಡ್ಡು ತಗೊಳ್ಳುವ ಹಾಗೂ ಇಲ್ಲ.

ನನಗೆ ಇದರ ಹುಚ್ಚು ಹಿಡಿದದ್ದು ಸುನಾಮಿ ಆದಾಗ. 2004ರ ಡಿಸೆಂಬರ್ 26ರಂದು ಅಂಡಮಾನ್‌ನಲ್ಲಿ ಫೋನ್‌ಗಳೆಲ್ಲ ಸತ್ತುಹೋದವು. ಹ್ಯಾಮ್ ಸ್ಟೇಷನ್ ನಡೆಸಲು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಲ್ಲಿಂದ ಸುದ್ದಿ ಕಳಿಸಿದರು. ಹೊರಗಿದ್ದ ಎಷ್ಟೋ ಮನೆಗಳಿಗೆ ತಮ್ಮವರು ಬದುಕಿದ್ದಾರೆ ಅಂತ ಗೊತ್ತಾದದ್ದು ಹಾಗೆ. ಪೇಪರಿನಲ್ಲಿ ಓದಿದ ಆ ಸುದ್ದಿ ಮನಸ್ಸಿನಲ್ಲಿ ಕೂತುಬಿಟ್ಟಿತು. ಲೈಸೆನ್ಸಿನ ಪರೀಕ್ಷೆ ಬರೆಯಲು ಮಾತ್ರ ಬಹಳ ವರ್ಷ ಹಿಡಿಯಿತು. ಬೆಂಗಳೂರಿಗೆ ಹೋಗಿ ರೆಸ್ಟ್ರಿಕ್ಟೆಡ್ ಗ್ರೇಡ್ ಪಾಸ್ ಮಾಡಿದೆ. ಆ ಗ್ರೇಡಿಗೆ ಮೋರ್ಸ್, ಅಂದರೆ ಹಳೇ ಟೆಲಿಗ್ರಾಂನ ಸದ್ದಿನ ಸಂಕೇತ, ಬೇಕಿಲ್ಲ. ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ಕಾನೂನು ಗೊತ್ತಿದ್ದರೆ ಸಾಕು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಬಂತು. ಗಾಳಿಯಲ್ಲಿ ನನ್ನ ಗುರುತಾದ, ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಕೈಗೆ ಸಿಕ್ಕ ದಿನ ಅಂಗಡಿಯ ಹುಡುಗರಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸಿದ್ದೆ.

ನಮ್ಮ ಕಡೆ ದೊಡ್ಡ ಜಾತ್ರೆ ಅಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯದು. 'ಮಾಡಿದಷ್ಟು ನೀಡು ಭಿಕ್ಷೆ' ಅಂದ ಸ್ವಾಮಿ, ಈ ಒಣ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸ್ವಾಮಿ. ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಬಿಸಿಲು ಏರುವ ಹೊತ್ತಿಗೆ ತೇರು. ಊರಿನ ತುಂಬ ಜನ. ಆಗ ಮೊಬೈಲ್ ಫೋನ್ ಪಾಡು ಏನಾಗುತ್ತದೆ ಅಂತ ಹೋದವರಿಗೆಲ್ಲ ಗೊತ್ತು. ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ಕಾಲ್ ಮಾತ್ರ ಹೋಗಲ್ಲ. ಟವರ್ ಕೆಟ್ಟಿರುವುದಿಲ್ಲ. ಅದು ಒಂದೇ ಹೊತ್ತಿಗೆ ಇಷ್ಟು ಜನರ ಮಾತು ಅಂತ ಲೆಕ್ಕ ಹಾಕಿ ನಿಲ್ಲಿಸಿದ್ದು. ಆ ಲೆಕ್ಕದ ಎಷ್ಟೋ ಪಟ್ಟು ಜನ ಆ ದಿನ ಅದರ ಕೆಳಗೆ ನಿಂತಿರುತ್ತಾರೆ. ನಮ್ಮ ರೇಡಿಯೋಗೆ ಟವರ್ ಬೇಡ. ಒಬ್ಬರು ಮಾತಾಡಿದರೆ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ.

ಮೊದಲ ವರ್ಷ ನಾವು ಏಳು ಜನ ಹ್ಯಾಮ್‌ಗಳು ಸೇರಿದೆವು. ದಾವಣಗೆರೆಯಿಂದ ಇಬ್ಬರು, ಬೆಂಗಳೂರಿನಿಂದ ಮೂವರು, ಚಿತ್ರದುರ್ಗದಿಂದ ಒಬ್ಬರು, ಚಳ್ಳಕೆರೆಯಿಂದ ನಾನು. ಒಪ್ಪಿಗೆ ಪತ್ರ ಕೈಯಲ್ಲಿತ್ತು. ಪೊಲೀಸರ ವೈರ್‌ಲೆಸ್ ಬೇರೆ, ನಮ್ಮದು ಬೇರೆ. ಒಂದಕ್ಕೊಂದು ಕೇಳುವುದಿಲ್ಲ. ಅದಕ್ಕೇ ನಮ್ಮವರೊಬ್ಬರನ್ನು ಪೊಲೀಸ್ ಟೆಂಟಿನಲ್ಲಿ ಕೂರಿಸಿದೆವು. ಇನ್ನುಳಿದವರು ಸ್ವಾಮಿಯ ಎರಡು ಮಠಗಳಾದ ಹೊರಮಠ, ಒಳಮಠ, ತೇರು ಬೀದಿ, ಬಸ್ಸು ನಿಲ್ಲುವ ಜಾಗ, ಕೆರೆ ಕಡೆಯ ದಾರಿ. ಹೀಗೆ ಎಲ್ಲರೂ ರೇಡಿಯೋದಲ್ಲಿ ಒಟ್ಟಿಗೆ ಸೇರಿ ಮಾತಾಡುವುದಕ್ಕೆ ನೆಟ್ ಅನ್ನುತ್ತೇವೆ. ನಾನು ನೆಟ್ ಕಂಟ್ರೋಲ್. ಅಂದರೆ ಯಾರು ಯಾವಾಗ ಮಾತಾಡಬೇಕು ಅಂತ ಹೇಳುವವನು, ಎಲ್ಲವನ್ನೂ ಬರೆದುಕೊಳ್ಳುವವನು.

ಆಂಟೆನಾ ನಾನೇ ಮಾಡಿದ್ದೆ. 145 ಮೆಗಾಹರ್ಟ್ಸ್‌ಗೆ ಸುಮಾರು 49 ಸೆಂಟಿಮೀಟರಿನ ಒಂದು ನೆಟ್ಟನೆಯ ಕಡ್ಡಿ, ಅದರ ಬುಡದಿಂದ ಕೆಳಕ್ಕೆ ಓರೆಯಾಗಿ ಇಳಿದ ನಾಲ್ಕು ಕಡ್ಡಿಗಳು. ಅಂಗಡಿಯಲ್ಲಿ ತಾಮ್ರಕ್ಕೆ ಬರವಿಲ್ಲ. ಎರಡು ಅಂತಸ್ತಿನ ಮನೆಯ ಮೇಲೆ ಕಬ್ಬಿಣದ ಪೈಪ್ ಎತ್ತಿ ಕಟ್ಟಿದೆವು. ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದಿತ್ತು. ತೆಳು ಕೇಬಲ್ 15 ಮೀಟರ್ ಎಳೆದರೆ ರೇಡಿಯೋದ ಹೆಚ್ಚುಕಮ್ಮಿ ಅರ್ಧ ಶಕ್ತಿ ಅದರಲ್ಲೇ ಕರಗುತ್ತದೆ. ಮುಂದಿನ ವರ್ಷ ದಪ್ಪ ಕೇಬಲ್ ತಂದೆ. ಸಾಮಾನಿನ ವಿಷಯ ಇಷ್ಟು ಸಾಕು. ಹೊಸಬರು ಯಾವ ಸೆಟ್ ತಗೊಳ್ಳಲಿ, ಎಷ್ಟು ವ್ಯಾಟ್ ಇರಲಿ ಅಂತಲೇ ಜಾಸ್ತಿ ಕೇಳುತ್ತಾರೆ. ಆ ಜಾತ್ರೆಯಲ್ಲಿ ನಮಗೆ ತೊಂದರೆ ಕೊಟ್ಟದ್ದು ಸೆಟ್ ಅಲ್ಲ. ನಾವು ಮಾತಾಡಿದ ರೀತಿ.

ಮೊದಲ ಎಡವಟ್ಟು ಬೆಳಿಗ್ಗೆಯೇ ಆಯಿತು. ಬಿಸಿಲಿಗೆ ಒಬ್ಬರು ಕುಸಿದು ಬಿದ್ದಿದ್ದಾರೆ, ಸ್ಟ್ರೆಚರ್ ಬೇಕು ಅಂತ ಕರೆ ಬಂತು. ಜಾಗ ಹೊರಮಠ. ನನ್ನ ಕಿವಿಗೆ ಬಿದ್ದದ್ದು ಒಳಮಠ. ನೀವೇ ಎರಡನ್ನೂ ಜೋರಾಗಿ ಹೇಳಿ ನೋಡಿ. ನಮ್ಮ ಸೀಮೆಯ ಮಾತಿನಲ್ಲಿ ಮೊದಲೇ ಹಕಾರ ಹಾರಿಹೋಗುತ್ತದೆ. ಉಳಿಯುವುದು ಒಂದು ರಕಾರ, ಒಂದು ಳಕಾರ. ಹಿಂದೆ ಡೊಳ್ಳು, ಉರುಮೆ, ಪೀಪಿ. ಸ್ಟ್ರೆಚರ್ ಹಿಡಿದ ಹುಡುಗರು ಆ ಜನದ ಮಧ್ಯೆ ಒಳಮಠಕ್ಕೆ ಹೋಗಿ, ಯಾರೂ ಇಲ್ಲ ಅಂತ ಮತ್ತೆ ಹೊರಮಠಕ್ಕೆ ಓಡಿದರು. ಬಿದ್ದವರಿಗೆ ಅಷ್ಟರಲ್ಲಿ ಯಾರೋ ನೀರು ಕುಡಿಸಿ ನೆರಳಿಗೆ ಸೇರಿಸಿದ್ದರು, ಪುಣ್ಯಕ್ಕೆ ಏನೂ ಆಗಲಿಲ್ಲ.

ಎರಡನೆಯದು ಸಣ್ಣದು. ಬಸ್ಸಿನ ಹತ್ತಿರ ಒಬ್ಬರಿಗೆ ಎದೆನೋವು, ವಯಸ್ಸು 70. ನಾನು ಬರೆದುಕೊಂಡದ್ದು 20. ರೇಡಿಯೋದ ಗುಂಡಿ ಒತ್ತಿದ ತಕ್ಷಣ ಮಾತು ಶುರು ಮಾಡಿದರೆ ಮೊದಲ ಅಕ್ಷರ ಗಾಳಿಗೆ ಹೋಗುವುದೇ ಇಲ್ಲ. 'ಎಪ್ಪತ್ತು' ಅಂದರೆ ಆಚೆ ತಲುಪುವುದು 'ಪ್ಪತ್ತು'. ಇಪ್ಪತ್ತೂ ಅದೇ, ಎಪ್ಪತ್ತೂ ಅದೇ.

ಮೂರನೆಯದನ್ನು ಹೇಳಲು ಇವತ್ತಿಗೂ ಗಂಟಲು ಕಟ್ಟುತ್ತದೆ. ಮಧ್ಯಾಹ್ನ, ತೇರು ಎಳೆಯುವ ಹೊತ್ತು ಹತ್ತಿರ ಬಂದಿತ್ತು. ಒಬ್ಬ ತಾಯಿ ನಮ್ಮ ಟೆಂಟಿಗೆ ಓಡಿ ಬಂದರು. ಐದು ವರ್ಷದ ಮಗಳು ಕೈ ಬಿಟ್ಟು ಹೋಗಿದ್ದಳು. ನಾವು ಗಾಳಿಯಲ್ಲಿ ಮಗುವಿನ ಹೆಸರು ಹೇಳುವುದಿಲ್ಲ. ಸೆಟ್ ಇರುವ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು ಅಲ್ವಾ? ಅದಕ್ಕೇ ಬಟ್ಟೆ, ವಯಸ್ಸು, ಕೊನೆಗೆ ಕಂಡ ಜಾಗ ಇಷ್ಟೇ ಹೇಳಿದೆ. ಹಳದಿ ಲಂಗ, ಕೈಯಲ್ಲಿ ಗಿರಿಗಿಟ್ಲೆ. ಹತ್ತು ನಿಮಿಷ ಬಿಟ್ಟು ಒಂದೊಂದೇ ಪೋಸ್ಟ್ ಕೇಳುತ್ತಾ ಬಂದೆ. ಬಸ್ಸಿನ ಕಡೆಯವರು ಅಂದದ್ದು 'ಮಗು ಸಿಕ್ಕಿಲ್ಲ'. ಕೊನೆ ಅಕ್ಷರ ಮುಗಿಯುವ ಮೊದಲೇ ಅವರ ಬೆರಳು ಗುಂಡಿ ಬಿಟ್ಟಿತ್ತು. ನನಗೆ ಕೇಳಿಸಿದ್ದು 'ಮಗು ಸಿಕ್ಕಿ…'. ಪಕ್ಕದಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿ, ಸಿಕ್ಕಿದ್ದಾಳಮ್ಮ ಅಂದುಬಿಟ್ಟೆ.

ಅವರು ಅಲ್ಲೇ ಕೂತು ಅತ್ತರು. ನನ್ನ ಕೈ ಹಿಡಿದುಕೊಂಡರು. ಎಲ್ಲಿಗೆ ಬರಲಿ ಅಂತ ಕೇಳಲು ನಾನು ಮತ್ತೆ ಕರೆದಾಗ ನಿಜ ತಿಳಿಯಿತು. ಈಗ ಅದೇ ಬಾಯಿಂದ ಇಲ್ಲಮ್ಮ, ತಪ್ಪು ಕೇಳಿಸಿತು ಅನ್ನಬೇಕು. ಅಂದೆ. ಅವರ ಮುಖ ನೋಡಲು ಆಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ತೇರು ಬೀದಿಯ ಒಂದು ಬಳೆ ಅಂಗಡಿಯಲ್ಲಿ ಮಗು ಇತ್ತು. ಅಂಗಡಿಯ ಅಜ್ಜಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಲ್ಯಾಣಸೇವೆ ತಿನ್ನಿಸುತ್ತಿದ್ದರಂತೆ. ತಪ್ಪು, ಗುಂಡಿಯನ್ನು ಬೇಗ ಬಿಟ್ಟವರದ್ದಲ್ಲ. ನಾನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳದೆ ಬಾಯಿ ಬಿಟ್ಟದ್ದು. ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ.

ಜಾತ್ರೆ ಮುಗಿದ ಮೇಲೆ ಒಂದು ವಾರ ನಾನು ಆ ದಿನದ ಲಾಗ್ ಪುಸ್ತಕವನ್ನೇ ಹಿಡಿದು ಕೂತೆ. ಆಗ ಹೊಳೆಯಿತು. ರೇಡಿಯೋ ಮಾತಿನ ತಲೆ ತಿನ್ನುತ್ತದೆ, ಬಾಲ ತಿನ್ನುತ್ತದೆ. ನಮ್ಮ ಕನ್ನಡದಲ್ಲಿ ಗುರುತು ಇರುವುದೇ ಆ ಎರಡು ಕಡೆ! ಊರ ಹೆಸರಿನ ಗುರುತು ತಲೆಯಲ್ಲಿ. ಹಿಂದೆ ಎಲ್ಲವೂ ಹಳ್ಳಿ, ಹಟ್ಟಿ, ಪುರ. 'ಇಲ್ಲ' ಅನ್ನುವುದು ಬಾಲದಲ್ಲಿ. ಬಂದಿದೆ, ಬಂದಿಲ್ಲ. ಸಿಕ್ಕಿದೆ, ಸಿಕ್ಕಿಲ್ಲ. ಹ್ಯಾಮ್‌ಗಳಿಗೆಲ್ಲ ಎ, ಬಿ, ಸಿ ಬದಲು ಹೇಳುವ ಆಲ್ಫಾ, ಬ್ರಾವೋ, ಚಾರ್ಲಿ ಬಾಯಿಪಾಠ. ಕಾಲ್‌ಸೈನ್ ಹೇಳಲು ಅದು ಬಲು ಒಳ್ಳೆಯದು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಲ, ಳ ಒಂದೇ. ತ, ಟ ಒಂದೇ. ದ, ಡ ಒಂದೇ. ನಮ್ಮ ಊರುಗಳನ್ನು ಅದರಲ್ಲಿ ಬಿಡಿಸಿ ಹೇಳಲು ಆಗಲ್ಲ.

ಆಮೇಲೆ ನಮ್ಮ ನೆಟ್‌ನಲ್ಲಿ ಮಾತಿನ ರೀತಿ ಬದಲಾಯಿಸಿದೆವು. ಗುಂಡಿ ಒತ್ತಿ, ಮನಸ್ಸಿನಲ್ಲೇ ಒಂದು ಅಂತ ಎಣಿಸಿ, ಆಮೇಲೆ ಮಾತು. ಮಾತು ಮುಗಿದ ಮೇಲೂ ಬೆರಳು ತಡೆದು 'ಓವರ್'. ಹೌದು ಅಥವಾ ಇಲ್ಲ ಮೊದಲೇ ಬರಬೇಕು, ಕೊನೆಗೂ ಬರಬೇಕು. 'ಇಲ್ಲ. ಮಗು ಸಿಕ್ಕಿಲ್ಲ. ಇಲ್ಲ. ಓವರ್.' ಕೇಳುವವರಿಗೆ ವಿಚಿತ್ರ ಅನ್ನಿಸಬಹುದು, ನಮಗೆ ಅದೇ ಸರಿ. ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳಬೇಕು. ಚಿತ್ರದುರ್ಗದ ಗಾಡಿ ಕೆಎ 16, ದಾವಣಗೆರೆಯದು ಕೆಎ 17. ಹದಿನಾರು, ಹದಿನೇಳು ಅಂದರೆ ಸದ್ದಿನಲ್ಲಿ ಗೊತ್ತಾಗಲ್ಲ. ಒಂದು ಆರು, ಒಂದು ಏಳು ಅಂದರೆ ಗೊತ್ತಾಗುತ್ತದೆ. ಮತ್ತೆ, ಕೇಳಿಸಿಕೊಂಡವರು ಅದನ್ನೇ ತಿರುಗಿ ಓದಬೇಕು. ತಿರುಗಿ ಓದುವವರೆಗೆ ಆ ಸುದ್ದಿ ತಲುಪಿದ ಹಾಗಲ್ಲ.

ಜಾಗಗಳ ಹೆಸರು ಬದಲಾಯಿಸಿದ್ದು ನನಗೆ ತುಂಬ ಇಷ್ಟವಾದ ಕೆಲಸ. ಹೊರಮಠದ ಮುಂದೆ ಹರಕೆಯ ಕೊಬ್ಬರಿ ಸುಡುತ್ತಾರೆ. ಹಾಗಾಗಿ ಆ ಪೋಸ್ಟ್ 'ಕೊಬ್ಬರಿ'. ಒಳಮಠ 'ಗಂಟೆ'. ಇನ್ನುಳಿದವು 'ತೇರು', 'ಬಸ್ಸು', 'ಕೆರೆ'. ಒಂದರ ಹಾಗೆ ಇನ್ನೊಂದು ಕೇಳಬಾರದು, ಅಷ್ಟೇ. ಇದು ಗುಟ್ಟಿನ ಭಾಷೆ ಅಲ್ಲ. ಪಟ್ಟಿಯನ್ನು ಪೊಲೀಸ್ ಟೆಂಟಿನಲ್ಲಿ, ಆಂಬುಲೆನ್ಸ್ ಡ್ರೈವರ್‌ಗಳ ಕೈಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆವು. ಮಾತಿನ ಕೊನೆಯಲ್ಲಿ ನಿಜವಾದ ಕಾಲ್‌ಸೈನ್ ಹೇಳುವುದನ್ನು ಬಿಡಲಿಲ್ಲ. ಎರಡನೇ ವರ್ಷ 'ಕೊಬ್ಬರಿಗೆ ಸ್ಟ್ರೆಚರ್' ಅಂದ ತಕ್ಷಣ ಹುಡುಗರು ಒಂದೇ ಓಟಕ್ಕೆ ಹೋಗಿ ನಿಂತರು.

ಇದೆಲ್ಲ ಜಾತ್ರೆಗಷ್ಟೇ ಅಂದುಕೊಂಡಿದ್ದೆ. 2022ರಲ್ಲಿ ವೇದಾವತಿ ಹೊಳೆಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. 89 ವರ್ಷ! ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು, ನಾನೂ ಹೋಗಿ ಕೈಮುಗಿದು ಬಂದೆ. ಬರಗಾಲವನ್ನೇ ಕಂಡ ನಮಗೆ ವೇದಾವತಿ ದಂಡೆ ತುಂಬಿ ಹರಿಯುವುದು ಹೊಸದು. ಆ ಮಳೆಗಾಲದ ಒಂದು ರಾತ್ರಿ ಹೊಳೆಯಾಚೆಯ ಊರಿನಲ್ಲಿ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಫೋನ್ ಸತ್ತಿತು. ಆ ಊರಿನಲ್ಲಿ ನಮ್ಮ ಹ್ಯಾಮ್ ಒಬ್ಬರಿದ್ದಾರೆ, ಮೇಷ್ಟ್ರು. ರಾತ್ರಿ ಹತ್ತೂವರೆಗೆ ಅವರ ದನಿ ಮಂದವಾಗಿ ಬಂತು. ಬ್ಯಾಟರಿ ಉಳಿಸಲು ಅವರು ಪವರ್ ಕಡಿಮೆ ಮಾಡಿದ್ದರು. 12 ವೋಲ್ಟಿನ ಸಣ್ಣ ಬ್ಯಾಟರಿ, ಬೆಳಗಿನವರೆಗೆ ಬರಬೇಕಲ್ಲ.

ಪಕ್ಕದ ಗೊಲ್ಲರಹಟ್ಟಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಹೊಳೆಯ ಸೇತುವೆ ಮೇಲೆ ನೀರು. ಆಂಬುಲೆನ್ಸ್ ಸುತ್ತು ದಾರಿಯಿಂದ ಬರಬೇಕು. ನಮ್ಮ ಕಡೆ ಗೊಲ್ಲರಹಟ್ಟಿ ಅಂದರೆ ಯಾವ ಊರಿನ ಗೊಲ್ಲರಹಟ್ಟಿ ಅಂತ ಕೇಳಲೇಬೇಕು, ಅಷ್ಟಿವೆ. ಮೇಷ್ಟ್ರು ಹೇಳಿದ ರೀತಿ ನನ್ನ ಲಾಗ್‌ನಲ್ಲಿ ಹಾಗೇ ಇದೆ. 'ಬೇಡ. ಸೇತುವೆ ದಾರಿ ಬೇಡ. ಬೇಡ.' ಆಮೇಲೆ ಊರಿನ ಹೆಸರು, ಮೊದಲ ಅಕ್ಷರಕ್ಕೆ ಒಂದು ಪದ, ಮತ್ತೆ ಊರಿನ ಹೆಸರು. ನಾನು ತಿರುಗಿ ಓದಿದೆ. 'ಹೌದು. ಸರಿ. ಹೌದು' ಅಂದರು. ಚಳ್ಳಕೆರೆಯಲ್ಲಿ ಫೋನ್ ಇತ್ತು. 108ಕ್ಕೆ ಕರೆ ಮಾಡಿ ಬರೆದದ್ದನ್ನೇ ಓದಿ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ, ಬಿಡಲಿಲ್ಲ. ಬೆಳಗಿನ ಜಾವ ತಾಯಿ ಮಗು ಆಸ್ಪತ್ರೆಯಲ್ಲಿ ಚೆನ್ನಾಗಿದ್ದಾರೆ ಅಂತ ಸುದ್ದಿ ಬಂತು. ಮೇಷ್ಟ್ರಿಗೆ ಅದನ್ನು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಗುಂಡಿ ಒತ್ತಿದ ಸದ್ದು, ಮಾತಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ ನಾವು ನೆಟ್ ನಡೆಸುತ್ತೇವೆ. ಒಬ್ಬರು ಹತ್ತು ಊರಿನ ಹೆಸರು ಓದುತ್ತಾರೆ, ಉಳಿದವರು ಬರೆದುಕೊಂಡು ತಿರುಗಿ ಓದುತ್ತಾರೆ. ತಪ್ಪಿದ ಊರು ಮುಂದಿನ ವಾರ ಮತ್ತೆ ಬರುತ್ತದೆ. ಯಾವ ಅಕ್ಷರಕ್ಕೆ ಯಾವ ಪದ ಅನ್ನುವ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿದೆ. ಕ, ಕಡಲೆ. ಗ, ಗಾಳಿ. ಮ, ಮಜ್ಜಿಗೆ. ಳಕಾರಕ್ಕೆ ಮಾತ್ರ ತುಂಬ ದಿನ ಪದ ಸಿಗಲಿಲ್ಲ. ಕನ್ನಡದಲ್ಲಿ ಳ ಇಂದ ಶುರುವಾಗುವ ಮಾತೇ ಇಲ್ಲವಲ್ಲ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ನಮ್ಮ ಬೀದಿಯ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದಕ್ಕೆ ಓದುತ್ತಿದ್ದಾಳೆ, ಭಾನುವಾರ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಅವಳೇ ಹೇಳಿದಳು, 'ಳ, ಬಳೆಯ ಳ ಅನ್ನಿ.' ಬರೆದುಕೊಂಡೆ.