ನೊರೆಹುಳು ಮತ್ತು ಮುಳ್ಳುಹುಳು: ಗಿಡದಲ್ಲೇ ಇಟ್ಟು ನೋಡುವ ಬಗೆ

ಮಳೆ ಹಿಡಿದ ಮೇಲೆ ಮಲೆನಾಡಿನ ಕಾಡಂಚಿನ ಎಳೆ ಕಾಂಡಗಳ ಗೆಣ್ಣಿನಲ್ಲಿ ಯಾರೋ ಉಗುಳಿಟ್ಟಂತೆ ಬಿಳಿ ನೊರೆ ಕಾಣುತ್ತದೆ. ಒಳಗಿರುವುದು ನೊರೆಹುಳುವಿನ ಮರಿ. ಇದನ್ನು ಮರಗಪ್ಪೆಯ ನೊರೆಗೂಡೆಂದು ತಿಳಿಯುವವರುಂಟು; ಅದು ಬಲು ದೊಡ್ಡದು, ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿರುತ್ತದೆ.

ಕಾಂಡದ ಮೇಲೆ ಮುಳ್ಳಿನಂತೆ ಕಾಣುವ ಮುಳ್ಳುಹುಳು ಬೇಕಾದರೆ ನಾನು ಮೊದಲು ನೋಡುವುದು ಗೊದ್ದಗಳನ್ನು. ಹೂವಿಲ್ಲದ ರೆಂಬೆಗೆ ಗೊದ್ದ ಹತ್ತಿಳಿಯುತ್ತಿದ್ದು, ಕೆಳಗಿನ ಎಲೆಗಳಿಗೆ ಮಸಿಯಂಥ ಬೂಷ್ಟು ಹಿಡಿದಿದ್ದರೆ ಮೇಲೆ ರಸ ಹೀರುವ ಹುಳುಗಳಿವೆ ಎಂದೇ ಲೆಕ್ಕ. ಕುರುಚಲು ಕಾಡಿನ ಜಾಲಿಯಲ್ಲಿ ಆಕ್ಸಿರಾಕಿಸ್ ಟರಾಂಡಸ್ ಎಂಬ ಮುಳ್ಳುಹುಳು ಸಿಗುತ್ತದೆ. ಹತ್ತಿರ ಹೋದರೆ ಹಾರುವುದಿಲ್ಲ, ಕಾಂಡದ ಆಚೆ ಬದಿಗೆ ಸರಿಯುತ್ತದೆ. ರೆಂಬೆಯ ಹಿಂದೆ ಬೆರಳು ಆಡಿಸಿದರೆ ತಾನೇ ಈಚೆ ಬರುತ್ತದೆ.

ಎರಡರ ಬಾಳೂ ಬೇರೆಯಾಗುವುದು ಗಿಡದ ಯಾವ ಕೊಳವೆಯಿಂದ ರಸ ಹೀರುತ್ತವೆ ಎಂಬುದರಿಂದ. ನೊರೆಹುಳು ಕುಡಿಯುವುದು ಬೇರಿನಿಂದ ನೀರು ಮೇಲಕ್ಕೊಯ್ಯುವ ಕೊಳವೆಯಾದ ಕ್ಸೈಲಂನ ರಸ: ಹೆಚ್ಚುಕಮ್ಮಿ ನೀರೇ. ಹೊಟ್ಟೆ ತುಂಬಲು ದಿನವಿಡೀ ಹೀರಬೇಕು, ಅದೂ ಗಿಡ ಮೇಲಕ್ಕೆ ಎಳೆಯುತ್ತಿರುವ ನೀರಿನ ಸೆಳೆತಕ್ಕೆ ಎದುರಾಗಿ. ಹತ್ತು ಪಟ್ಟಿನ ಲೆನ್ಸಿನಲ್ಲಿ ಅದರ ಮುಖ ಊದಿಕೊಂಡಂತೆ ಕಾಣುವುದು ಆ ಹೀರು ಸ್ನಾಯುಗಳಿಂದಲೇ. ಹೊರಬಿಟ್ಟ ನೀರಿಗೆ ಗಾಳಿ ಬೆರೆಸಿ ನೊರೆ ಮಾಡಿಕೊಳ್ಳುತ್ತದೆ. ಮುಳ್ಳುಹುಳು ಹೀರುವುದು ಎಲೆಯಲ್ಲಿ ತಯಾರಾದ ಆಹಾರ ಸಾಗಿಸುವ ಕೊಳವೆಯಾದ ಫ್ಲೋಯಂನ ರಸ. ಅದರಲ್ಲಿ ಸಕ್ಕರೆ ಧಾರಾಳ, ಸಾರಜನಕ ಕಡಿಮೆ. ಹೆಚ್ಚಾದ ಸಿಹಿ ಹನಿಯಾಗಿ ಹೊರಬೀಳುತ್ತದೆ. ಗೊದ್ದಗಳ ಕಾವಲಿಗೆ ಅದೇ ಕೂಲಿ.

ಗಾಜಿನ ಪಟ್ಟಿಗೆ ಎರಡನ್ನೂ ಒಂದೊಂದು ಹನಿ ಮುಟ್ಟಿಸಿ ಒಣಗಿಸಿ. ಮುಳ್ಳುಹುಳುವಿನದು ಬೆರಳಿಗೆ ಅಂಟುತ್ತದೆ, ನೊರೆಯದು ತೆಳು ಪೊರೆಯಾಗಿ ಉಳಿಯುತ್ತದೆ.

ನೊರೆ ಸರಿಸಲು ಒದ್ದೆ ಮಾಡಿದ ಸೊನ್ನೆ ನಂಬರಿನ ಬ್ರಶ್ ಸಾಕು. ಚಿಮುಟ ಬೇಡ, ಮರಿಯ ಮೈ ಬಲು ಮೆದು. ನೆರಳಿನಲ್ಲೇ ಮಾಡಿ, ಬಿಸಿಲಿಗೆ ಬಿದ್ದರೆ ಬೇಗ ಒಣಗುತ್ತದೆ. ರೆಂಬೆ ಕತ್ತರಿಸಿ ಡಬ್ಬಿಗೆ ಹಾಕುವುದೇ ಎಲ್ಲರೂ ಮಾಡುವ ತಪ್ಪು. ನೀರಿನೆಳೆತ ಕಡಿದುಹೋಗಿ ನೊರೆ ನಿಲ್ಲುತ್ತದೆ, ಹುಳು ಸಾಯುತ್ತದೆ.

ಗೊದ್ದಗಳಿಲ್ಲದೆ ಮುಳ್ಳುಹುಳುಗಳ ಗತಿ ಏನಾಗುತ್ತದೆಂದು ನೋಡಬೇಕಿದ್ದರೆ, ಗುಂಪಿನ ಕೆಳಗೆ ಕಾಂಡಕ್ಕೆ ಎರಡು ಬೆರಳಗಲ ಕಾಗದದ ಟೇಪು ಸುತ್ತಿ ಅದರ ಮೇಲೆ ವ್ಯಾಸಲೀನ್ ಹಚ್ಚಿ; ನೇರ ತೊಗಟೆಗೆ ಬೇಡ. ಪಕ್ಕದ ಒಂದೇ ಒಂದು ಎಲೆ ತಾಗಿದರೂ ಅದೇ ಸೇತುವೆಯಾಗಿ ಗೊದ್ದ ದಾಟುತ್ತದೆ, ಹಾಗಾಗಿ ಸುತ್ತಲಿನ ರೆಂಬೆಗಳನ್ನು ದಾರದಿಂದ ಎಳೆದು ಕಟ್ಟಿ. ಮೇಲೆ ಉಳಿದುಕೊಂಡ ಗೊದ್ದಗಳನ್ನು ಬ್ರಶ್ಶಿನಿಂದ ಉದುರಿಸಲು ಮರೆತರೆ ಇಷ್ಟೂ ಶ್ರಮ ದಂಡ.