ಬಾಲಿಗೆ 56 ರೂಪಾಯಿ: ಮ್ಯಾಚಿಗೆ ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ನಮ್ಮನೆಯಲ್ಲಿ ಹಾಲು, ಗ್ಯಾಸು, ಟ್ಯೂಷನ್ ಫೀಸಿನ ಲೆಕ್ಕ ಬರೆಯೋ ಡೈರಿ ಒಂದಿದೆ. ಅದರ 2025ರ ಏಪ್ರಿಲ್ 18ರ ಪುಟ ಹೀಗಿದೆ: ಟಿಕೆಟ್ ಮೂರು, 6,900. ಹೋಗುವಾಗ ಮೆಟ್ರೊ, 120. ಒಳಗೆ ತಿಂಡಿ, ನೀರು, 870. ಮಗನಿಗೆ ಜೆರ್ಸಿ, 350. ಬ್ಯಾಗ್ ಇಟ್ಟುಕೊಂಡವನಿಗೆ 100. ಬರುವಾಗ ಆಟೊ, 500. ಒಟ್ಟು 8,840. ಅದರ ಕೆಳಗೆ ನಮ್ಮ ಯಜಮಾನರು ಪೆನ್ಸಿಲಲ್ಲಿ ಗೀಚಿದ್ದಾರೆ: "157 ಬಾಲ್. ಬಾಲಿಗೆ 56 ರೂಪಾಯಿ."

ಅವತ್ತು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ಆರ್‌ಸಿಬಿ-ಪಂಜಾಬ್ ಐಪಿಎಲ್ ಮ್ಯಾಚು. ಏಳೂವರೆಗೆ ಶುರುವಾಗಬೇಕಿದ್ದದ್ದು ಮಳೆಯಿಂದ ಒಂಬತ್ತು ಮುಕ್ಕಾಲಿಗೆ ಶುರುವಾಯ್ತು, 14 ಓವರಿಗೆ ಇಳೀತು. ನಮ್ಮೋರು 95 ಹೊಡೆದರು, ಅದರಲ್ಲಿ 50 ಟಿಮ್ ಡೇವಿಡ್ ಒಬ್ಬನದೇ. ಪಂಜಾಬಿನವರು 12.1 ಓವರಲ್ಲಿ, ಅಂದರೆ ಹನ್ನೆರಡು ಓವರು ಒಂದು ಬಾಲಲ್ಲಿ, ಮುಗಿಸಿ ಹೋದರು. ಮನೆಯಲ್ಲಿ ಸೋಫಾ ಮೇಲೆ ಕೂತು ಉಪ್ಪಿಟ್ಟು ತಿಂತಾ ಇದ್ದ ಯಜಮಾನರಿಗೆ ಪ್ರತಿ ವಿಕೆಟ್ಟೂ ಮೂರು ಕೋನದಿಂದ ಕಂಡಿತ್ತು. ನಮಗೆ ಮುಂದಿನ ಸಾಲಿನವರ ಬಾವುಟ ಕಂಡಿತು.

ಆದರೂ ಮತ್ತೆ ಹೋಗ್ತೀನಿ. ಲೆಕ್ಕ ಹಾಕಿಕೊಂಡು ಹೋಗ್ತೀನಿ, ಅಷ್ಟೇ. ಆ ಲೆಕ್ಕ ಹೇಗೆ ಅಂತ ಕೇಳಿದ ಗೆಳತಿಯರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿ, ಒಂದೇ ಸಲ ಇಲ್ಲಿ ಬರೀತಿದ್ದೀನಿ.

ಮೊದಲು ಪೂರ್ತಿ ಖರ್ಚು ಬರೆಯಿರಿ

ಟಿಕೆಟ್ ಬೆಲೆ ನೋಡಿ ಹೂಂ ಅನ್ನಬೇಡಿ. ನನ್ನ ಲೆಕ್ಕದಲ್ಲಿ ಟಿಕೆಟ್ ಬಿಟ್ಟು ಮೇಲೆ ಹೋದದ್ದು 1,940 ರೂಪಾಯಿ. ಹತ್ತಿರ ಹತ್ತಿರ ಇನ್ನೊಬ್ಬರ ಟಿಕೆಟ್ಟಿನಷ್ಟು! ತಲೆಗೆ ಆರೂವರೆ ನೂರು ಮೇಲುಖರ್ಚು ಅಂತ ಮೊದಲೇ ಇಟ್ಟುಕೊಳ್ಳಿ. ಜೆರ್ಸಿ ವಿಷಯ ಮನೆಯಲ್ಲೇ ಇತ್ಯರ್ಥ ಮಾಡಿ. ಗೇಟಿನ ಹತ್ತಿರ ಮಕ್ಕಳ ಮುಖ ನೋಡಿಕೊಂಡು ಚೌಕಾಸಿ ಮಾಡೋಕಾಗಲ್ಲ.

ತೆರಿಗೆಯ ವಿಷಯವೂ ಇದೆ. ಐಪಿಎಲ್ ಟಿಕೆಟ್ ಮೇಲೆ ಮೊದಲು ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯ್ತು. ನಾನು ಕೊಟ್ಟ 2,300ರಲ್ಲಿ ಅಸಲು ಬೆಲೆ ಸುಮಾರು 1,797, ಉಳಿದ 503 ತೆರಿಗೆ. ಅದೇ ಸೀಟು ಅದೇ ಅಸಲು ಬೆಲೆಗೇ ಕೊಟ್ಟರೂ ಹೊಸ ತೆರಿಗೆಯಲ್ಲಿ 2,516 ಆಗುತ್ತೆ. ಕ್ರೀಡಾ ಸಂಸ್ಥೆಗಳು ನಡೆಸೋ ಮಾನ್ಯತೆ ಪಡೆದ ಪಂದ್ಯಗಳ ಲೆಕ್ಕ ಬೇರೆ. ಟಿಕೆಟ್ 500 ದಾಟಿದರೆ ಶೇ 18, ಐನೂರರ ಒಳಗಿದ್ದರೆ ತೆರಿಗೆಯೇ ಇಲ್ಲ. ದೇಶದ ಆಟಕ್ಕೂ ಲೀಗ್ ಆಟಕ್ಕೂ ಜೇಬಿನ ವ್ಯತ್ಯಾಸ ಇಲ್ಲಿಂದಲೇ ಶುರು.

ಇನ್ನು ಯಜಮಾನರ ಪೆನ್ಸಿಲ್ ಲೆಕ್ಕ. ಅವರು ಗೇಲಿಗೆ ಬರೆದದ್ದು, ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೀನಿ. ಒಟ್ಟು ಖರ್ಚನ್ನು ಆ ದಿನ ನೋಡಸಿಗೋ ಬಾಲಿಗೆ ಭಾಗಿಸಿ. ಟಿ20 ಪೂರ್ತಿ ನಡೆದರೆ 240 ಬಾಲು, ಟೆಸ್ಟ್ ಆದರೆ ದಿನಕ್ಕೆ 90 ಓವರು, ಅಂದರೆ 540. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಟೆಸ್ಟ್ ಬಂದಿತ್ತಲ್ಲ, ಭಾರತ 46ಕ್ಕೆ ಆಲೌಟಾದದ್ದು, ಅದರ ನಾಲ್ಕನೇ ದಿನ ಶನಿವಾರ ನಾನೂ ಮಗನೂ ಹೋಗಿದ್ದೆವು. ಸರ್ಫರಾಜ್ 150 ಹೊಡೆದ. ಪಂತ್ 99ಕ್ಕೆ ಔಟಾದಾಗ ಇಡೀ ಸ್ಟೇಡಿಯಂ ಒಂದೇ ಸಲ "ಅಯ್ಯೋ" ಅಂದದ್ದು ಇನ್ನೂ ಕಿವಿಯಲ್ಲಿದೆ. ನಡುವೆ ಮಳೆ ಬಂದರೂ ಹೋದ ದುಡ್ಡಿಗೆ ಮೋಸವಾಗಲಿಲ್ಲ.

ಯಾವ ಮ್ಯಾಚು, ಯಾವ ಸೀಟು

ಬೆಂಗಳೂರಲ್ಲಿ ಏಪ್ರಿಲ್ ಕೊನೆ, ಮೇ ಅಂದರೆ ಸಂಜೆ ಮಳೆಯ ಕಾಲ. ಚಿನ್ನಸ್ವಾಮಿಯಲ್ಲಿ ನೀರು ಹೀರೋ ಸಬ್‌ಏರ್ ವ್ಯವಸ್ಥೆ ಇದೆ, 2017ರಲ್ಲಿ ಹಾಕಿಸಿದ್ದು. ಮಳೆ ನಿಂತ ಮೇಲೆ ಮೈದಾನ ಬೇಗ ಒಣಗುತ್ತೆ ನಿಜ. ಆದರೆ ಮಳೆ ನಿಲ್ಲಬೇಕಲ್ಲ! 2025ರ ಮೇ 17ರಂದು ಕೋಲ್ಕತ್ತ ಜೊತೆಗಿನ ಮ್ಯಾಚಲ್ಲಿ ಒಂದು ಬಾಲೂ ಬೀಳಲಿಲ್ಲ. ಆಯ್ಕೆ ನಿಮ್ಮ ಕೈಲಿದ್ದರೆ ಮಾರ್ಚ್ ಕೊನೆಯದ್ದೋ ಏಪ್ರಿಲ್ ಮೊದಲ ವಾರದ್ದೋ ಹಿಡಿಯಿರಿ. ದುಡ್ಡು ಕಟ್ಟುವ ಮುಂಚೆ ರೀಫಂಡ್ ನಿಯಮ ಓದಿ. ಸಾಮಾನ್ಯವಾಗಿ ಒಂದೇ ಒಂದು ಬಾಲ್ ಹಾಕಿದರೂ ದುಡ್ಡು ವಾಪಸ್ ಇಲ್ಲ ಅಂತಲೇ ಇರುತ್ತೆ. ನಮ್ಮ 14 ಓವರಿನ ಮ್ಯಾಚಿಗೆ ಪೂರ್ತಿ ದುಡ್ಡು ಹೋದದ್ದು ಹಾಗೇ.

ಸೀಟು ಆರಿಸೋವಾಗ ಎಲ್ಲರೂ "ಮುಂದೆ ಸಿಗುತ್ತಾ" ಅಂತಾರೆ. ಮುಂದೆ ಬೇಡ. ಕೆಳಗಿನ ಸಾಲುಗಳಲ್ಲಿ ಕಣ್ಣೆದುರು ಜಾಲರಿ, ಅದರಾಚೆ ಜಾಹೀರಾತು ಬೋರ್ಡು, ಅದರ ಮುಂದೆ ಕ್ಯಾಮೆರಾದವರು. ಬೌಂಡರಿ ಗೆರೆ ಕಾಣಲ್ಲ. ಒಂದಷ್ಟು ಮೇಲಕ್ಕೆ ಕೂತರೆ ಫೀಲ್ಡರುಗಳನ್ನು ಎಲ್ಲೆಲ್ಲಿ ನಿಲ್ಲಿಸಿದ್ದಾರೆ ಅಂತ ಪೂರ್ತಿ ಕಾಣುತ್ತೆ. ಟಿವಿ ತೋರಿಸದೇ ಇರೋದು ಅದೊಂದನ್ನೇ. ಹಗಲಿನ ಆಟವಾದರೆ ಪಶ್ಚಿಮದ ಕಡೆ ಸ್ಟ್ಯಾಂಡ್ ನೋಡಿ, ಮಧ್ಯಾಹ್ನ ಕಳೆದ ಮೇಲೆ ನೆರಳು ಸಿಗೋದು ಅಲ್ಲೇ. ಪೂರ್ವದ ಕಡೆ ಕೂತವರು ಮೂರು ಗಂಟೆಗೆ ಟವೆಲ್ ತಲೆ ಮೇಲೆ ಹಾಕಿಕೊಂಡು ಕೂತಿರ್ತಾರೆ.

ಟಿಕೆಟನ್ನು ಅಧಿಕೃತ ಸೈಟಲ್ಲೇ ಕೊಳ್ಳಿ, ಸಿಗದಿದ್ದರೆ ಬಿಟ್ಟುಬಿಡಿ. ನನ್ನ ತಮ್ಮ ಯಾರೋ ವಾಟ್ಸ್ಆ್ಯಪಲ್ಲಿ ಕಳಿಸಿದ ಕ್ಯುಆರ್ ಕೋಡಿಗೆ ನಾಲ್ಕು ಸಾವಿರ ಕೊಟ್ಟ. ಗೇಟಲ್ಲಿ ಸ್ಕ್ಯಾನ್ ಮಾಡಿದರೆ ಕೆಂಪು ದೀಪ. ಅದೇ ಕೋಡಲ್ಲಿ ಆಗಲೇ ಯಾರೋ ಒಳಗೆ ಹೋಗಿ ಕೂತಿದ್ದ. ಒಂದು ಕೋಡಿನ ಫೋಟೊವನ್ನು ಹತ್ತು ಜನಕ್ಕೆ ಮಾರಬಹುದು, ಮೊದಲು ಬಂದವನಿಗೆ ಸೀಟು. ನನ್ನ ತಮ್ಮ ಕಬ್ಬನ್ ಪಾರ್ಕ್ ಕಡೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಫೋನಲ್ಲೇ ಮ್ಯಾಚ್ ನೋಡಿ ಬಂದ. ಮನೆಯಲ್ಲಿ ಅಮ್ಮನಿಗೆ "ಸೂಪರ್ ಆಗಿತ್ತು" ಅಂದಿದ್ದಾನೆ, ನೀವೂ ಹೇಳಬೇಡಿ.

ಗೇಟಿನ ಹತ್ತಿರ

ಬ್ಯಾಗು, ಪವರ್ ಬ್ಯಾಂಕು, ನೀರಿನ ಬಾಟಲಿ, ಹೆಲ್ಮೆಟ್ಟು, ಚಿಲ್ಲರೆ ಕಾಸು ಯಾವುದನ್ನೂ ಒಳಗೆ ಬಿಡಲ್ಲ. ಬೈಕಲ್ಲಿ ಹೋದವರ ಪಾಡು ನೋಡೋಕಾಗಲ್ಲ, ಹೆಲ್ಮೆಟ್ ಎಲ್ಲಿಡೋದು ಅಂತಲೇ ಮೊದಲ ಆರು ಓವರಿನ ಪವರ್‌ಪ್ಲೇ ಮುಗಿದಿರುತ್ತೆ. ಮಗಳ ಬ್ಯಾಗನ್ನು ನಾನು ಎದುರಿನ ಓಣಿಯ ಅಂಗಡಿಯವನ ಹತ್ತಿರ ಬಿಟ್ಟೆ. ಗೋಡೆ ಪಕ್ಕ ಅಂಥವು ಮೂವತ್ತು ನಲವತ್ತು ಬಿದ್ದಿದ್ದವು. ಚೀಟಿ ಇಲ್ಲ, ನಂಬರಿಲ್ಲ. "ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕ್ತೀನಕ್ಕ" ಅಂದ. ಮ್ಯಾಚು ಮುಗಿದದ್ದು ಅದಕ್ಕಿಂತ ತಡವಾಗಿ. ಪುಣ್ಯಾತ್ಮ ಕಾದಿದ್ದ, ಅದಕ್ಕೇ ಐವತ್ತರ ಬದಲು ನೂರು ಕೊಟ್ಟೆ.

ಜೇಬಲ್ಲಿ ಬೇಕಾದದ್ದು ಫೋನು, ಗುರುತಿನ ಚೀಟಿ, ನೂರರ ನೋಟುಗಳು. ನೋಟು ಯಾಕೆ ಅಂದರೆ ಒಳಗೆ ಅಷ್ಟು ಸಾವಿರ ಜನ ಒಟ್ಟಿಗೆ ವಿಡಿಯೊ ಕಳಿಸೋಕೆ ಕೂತಾಗ ನೆಟ್‌ವರ್ಕ್ ಸಿಗಲ್ಲ, ಯುಪಿಐ ತಿರುಗ್ತಾನೇ ಇರುತ್ತೆ. ಹಿಂದಿನ ಸಾಲಿನ ಹುಡುಗನೊಬ್ಬ ಪಾಪ್‌ಕಾರ್ನ್ ಡಬ್ಬ ಕೈಲಿ ಹಿಡಿದು, ಫೋನನ್ನು ಆಕಾಶಕ್ಕೆ ಎತ್ತಿ ಎರಡು ಓವರ್ ನಿಂತಿದ್ದ. ಟಿಕೆಟನ್ನೂ ಮನೆಯ ವೈಫೈಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಐದೂವರೆಗೆ ಹೊಟ್ಟೆ ತುಂಬ ತಿಂದು ಹೊರಡಿ. ಆ 870 ರೂಪಾಯಿಯಲ್ಲಿ ಅರ್ಧ ಉಳಿಯುತ್ತೆ.

ಗೇಟಿನ ಜನಸಂದಣಿ ಬಗ್ಗೆ ಒಂದು ಮಾತು ಹೇಳಲೇಬೇಕು. 2025ರ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ, ಇದೇ ಸ್ಟೇಡಿಯಂ ಹೊರಗೆ ಕಾಲ್ತುಳಿತಕ್ಕೆ 11 ಜನ ತೀರಿಕೊಂಡರು. ಅವತ್ತು ನನ್ನ ಮಗನೂ ಹೋಗ್ತೀನಿ ಅಂತ ಶೂ ಹಾಕಿಕೊಂಡು ನಿಂತಿದ್ದ. ಬೇಡ ಅಂದಿದ್ದಕ್ಕೆ ರೂಮಿನ ಬಾಗಿಲು ಬಡಿದು ಒಳಗೆ ಹೋದ. ಸಂಜೆ ಟಿವಿ ಹಾಕಿದ ಮೇಲೆ ತಾನೇ ಹೊರಗೆ ಬಂದು ಪಕ್ಕದಲ್ಲಿ ಕೂತ, ಏನೂ ಮಾತಾಡಲಿಲ್ಲ. ಈಗ ನಮ್ಮನೆಯ ನಿಯಮ ಇದು: ಒಂದೂವರೆ ಗಂಟೆ ಮುಂಚೆ ಗೇಟ್ ತಲುಪಬೇಕು. ಟಿಕೆಟ್ ಇಲ್ಲದೆ "ಫ್ರೀ ಬಿಡ್ತಾರಂತೆ" ಅನ್ನೋ ಸುದ್ದಿ ನಂಬಿ ಯಾವತ್ತೂ ಹೋಗಬಾರದು. ಸಾಲಲ್ಲಿ ನಿಂತಾಗ ಸುತ್ತಲಿನವರ ಭುಜ ನಾಲ್ಕೂ ಕಡೆಯಿಂದ ಒತ್ತೋಕೆ ಶುರುವಾದರೆ, ಇನ್ನೂ ಕೈಕಾಲು ಆಡಿಸೋಕೆ ಜಾಗ ಇರುವಾಗಲೇ ಓರೆಯಾಗಿ ಅಂಚಿನ ಕಡೆ ಸರಿಯಬೇಕು. ಸರಿಯೋಕೆ ಆಗದಿದ್ದರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಟುಕೊಳ್ಳಬೇಕು. ಬಿದ್ದ ಚಪ್ಪಲಿಗೆ ಬಗ್ಗಬಾರದು. 2,300 ಹೋದರೆ ಹೋಗಲಿ.

ದುಡ್ಡಿಲ್ಲದೆ ಅದೇ ಮೈದಾನ

ಬಹಳ ಜನಕ್ಕೆ ಗೊತ್ತಿಲ್ಲ, ಅದೇ ಚಿನ್ನಸ್ವಾಮಿಯಲ್ಲಿ ರಾಜ್ಯ ತಂಡಗಳು ಆಡೋ ರಣಜಿ ಮ್ಯಾಚಿಗೆ ಬಿಟ್ಟಿಯಾಗಿ ಒಳಗೆ ಬಿಡ್ತಾರೆ. 2025ರ ಜನವರಿ 30, ಹರಿಯಾಣ ವಿರುದ್ಧ ಕರ್ನಾಟಕ. ಕೆ.ಎಲ್. ರಾಹುಲ್ ಐದು ವರ್ಷದ ಮೇಲೆ ರಣಜಿ ಆಡೋಕೆ ಬಂದಿದ್ದ. ಗುರುವಾರ. ಮಗಳಿಗೆ ಸ್ಕೂಲಿಗೆ ರಜೆ ಹಾಕಿಸಿದೆ, ಯಜಮಾನರಿಗೆ ಇವತ್ತಿಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತೆ. ವಿಜಯನಗರದಿಂದ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ನೇರಳೆ ಲೈನಲ್ಲಿ ನೇರ ಬಂದೆವು. ಡಬ್ಬಿಯಲ್ಲಿ ಪುಳಿಯೋಗರೆ. ಗೇಟಲ್ಲಿ ಮುಚ್ಚಳ ತೆಗೆದು ನೋಡಿ, "ಘಮ ಚೆನ್ನಾಗಿದೆ, ಹೋಗಿ" ಅಂದ್ರು.

ರಾಹುಲ್ 26ಕ್ಕೆ ಔಟಾದ. ಪರವಾಗಿಲ್ಲ. ಬ್ಯಾಟಿನ ನಡುವಿಗೆ ಬಿದ್ದ ಬಾಲಿಗೂ ಅಂಚಿಗೆ ತಾಗಿದ ಬಾಲಿಗೂ ಸದ್ದು ಬೇರೆ ಅಂತ ಮಗಳಿಗೆ ಅವತ್ತು ತಿಳೀತು. ಐಪಿಎಲ್ಲಲ್ಲಿ ಡಿಜೆ ಗದ್ದಲಕ್ಕೆ ಬ್ಯಾಟಿನ ಸದ್ದು ಎಲ್ಲಿ ಕೇಳುತ್ತೆ? ಇಲ್ಲಿ ನಮ್ಮ ಹುಡುಗರು ಕ್ರೀಸಲ್ಲಿ "ಬೇಡ ಬೇಡ, ಇರು" ಅಂತ ಕೂಗೋದೂ ಕೇಳ್ತಿತ್ತು. ಹೋಗಿಬರೋ ಮೆಟ್ರೊ, ಚರ್ಚ್ ಸ್ಟ್ರೀಟಲ್ಲಿ ಕುಡಿದ ಕಾಫಿ ಸೇರಿ ಡೈರಿಯಲ್ಲಿ 260 ರೂಪಾಯಿ. ಪುಣ್ಯಕ್ಕೆ ಆ ಪುಟಕ್ಕೆ ಯಾರೂ ಪೆನ್ಸಿಲ್ ತಂದಿಲ್ಲ.

ನಾನು ಮೊದಲು ಸ್ಟೇಡಿಯಂ ನೋಡಿದ್ದೂ ರಣಜಿಯಲ್ಲೇ. 1999ರ ಏಪ್ರಿಲ್, ಫೈನಲ್, ಮಧ್ಯಪ್ರದೇಶದ ಮೇಲೆ. ಮೊದಲ ಇನ್ನಿಂಗ್ಸ್ ಲೀಡ್ ಅವರದು, ಡ್ರಾ ಮಾಡಿಕೊಂಡರೂ ಕಪ್ ಅವರದೇ. ಅಪ್ಪ ಕೊನೇ ದಿನ ಆಫೀಸಿಗೆ ಚಕ್ಕರ್ ಹೊಡೆದು ನನ್ನನ್ನು ಕರೆದುಕೊಂಡು ಹೋಗಿದ್ದರು. ಟೀ ಆದ ಮೇಲೆ ವಿಜಯ್ ಭಾರದ್ವಾಜ್ ಆಫ್ ಸ್ಪಿನ್ನಿಗೆ ವಿಕೆಟ್ ಮೇಲೆ ವಿಕೆಟ್ ಬಿದ್ದು ನಾವು 96 ರನ್ನಿಂದ ಗೆದ್ದೆವು. ಪಕ್ಕದಲ್ಲಿದ್ದ ಗುರುತೇ ಇಲ್ಲದ ಮುದುಕರೊಬ್ಬರು ಅಪ್ಪನ ಕೈಗೆ ಕಡ್ಲೆಕಾಯಿ ಪೊಟ್ಟಣ ತುರುಕಿ, "ತಗೊಳ್ಳಿ ಸ್ವಾಮಿ, ಇನ್ನು ನಮಗೆ ತಿನ್ನೋಕಾಗಲ್ಲ" ಅಂದು ಕಣ್ಣೊರೆಸಿಕೊಂಡರು. ಅವತ್ತು ಸೋತ ನಾಯಕ ಚಂದ್ರಕಾಂತ್ ಪಂಡಿತ್, 2022ರಲ್ಲಿ ಇದೇ ಮೈದಾನದಲ್ಲಿ ಅದೇ ತಂಡಕ್ಕೆ ಕೋಚ್ ಆಗಿ ಕಪ್ ಗೆಲ್ಲಿಸಿಕೊಂಡು ಹೋದರು. ನಮಗೇನೂ ಹೊಟ್ಟೆಕಿಚ್ಚಿಲ್ಲ.

ಕ್ರಿಕೆಟ್ಟೇ ಆಗಬೇಕು ಅಂತಿಲ್ಲದವರಿಗೆ ದಾರಿ ಬೇಕಾದಷ್ಟಿದೆ. ಬೇಸಿಗೆ ರಜೆಯಲ್ಲಿ ಕೊಡಗಿಗೆ ಹೋದರೆ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ. ಒಂದೇ ಮನೆತನದ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡೋದು ಬೇರೆಲ್ಲೂ ಸಿಗಲ್ಲ. ಚಳಿಗಾಲದಲ್ಲಿ ಮಂಗಳೂರು ಕಡೆ ಕಂಬಳ, ದಸರೆಯಲ್ಲಿ ಮೈಸೂರಿನ ಕುಸ್ತಿ. ಬೆಂಗಳೂರಲ್ಲೇ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ಸ್ಥಳೀಯ ಲೀಗ್ ನಡೆಯುತ್ತೆ. ಕಂಠೀರವ ಒಳಾಂಗಣದಲ್ಲಿ ಕಬಡ್ಡಿ ಇದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಮಳೆಯ ಭಯ ಇಲ್ಲ.

ವಾಪಸ್ ಬರೋದು

ನಾವು ತಪ್ಪು ಮಾಡಿದ್ದು ಇಲ್ಲೇ. ಐಪಿಎಲ್ ರಾತ್ರಿ ಮೆಟ್ರೊ ತಡವಾಗಿ ಓಡುತ್ತೆ, ಕೊನೇ ರೈಲು ಎಷ್ಟು ಗಂಟೆಗೆ ಅಂತ ಹೊರಡೋ ಮುಂಚೆ ನೋಡಿಟ್ಟುಕೊಳ್ಳಬೇಕು. ನಾನು ನೋಡಿರಲಿಲ್ಲ. ಸ್ಟೇಷನ್ ಬಾಗಿಲಲ್ಲಿ ಸಾಲು ಕಂಡು ಹೆದರಿ ಆಟೊ ಹಿಡಿದೆ. ಅವನು ಎಂಟುನೂರು ಅಂದ, ಐನೂರಕ್ಕೆ ಇಳಿಸುವಷ್ಟರಲ್ಲಿ ಗಂಟಲು ಹೋಯ್ತು. ಹೋಗುವಾಗಲೇ ವಾಪಸ್ ಟಿಕೆಟ್ ತಗೊಂಡಿಟ್ಟುಕೊಂಡರೆ ಇಲ್ಲವೇ ಕಾರ್ಡಲ್ಲಿ ದುಡ್ಡು ಹಾಕಿಟ್ಟುಕೊಂಡರೆ ಕೌಂಟರ್ ಸಾಲು ತಪ್ಪುತ್ತೆ.

ರೈಲಿಗೆ ಟೈಮಿದ್ದರೆ ಮ್ಯಾಚ್ ಮುಗಿದ ತಕ್ಷಣ ಏಳಬೇಡಿ. ಇಪ್ಪತ್ತು ನಿಮಿಷ ಕೂತಿರಿ. ಮೆಟ್ಟಿಲ ಮೇಲಿನ ನೂಕಾಟ ಕಡಿಮೆಯಾಗುತ್ತೆ. ಆ ಹೊತ್ತಿಗೆ ಮೈದಾನದ ಕೆಲಸದವರು ಬಂದು ಪಿಚ್ ಮೇಲೆ ಬಗ್ಗಿ ಬೂಟು ಕಿತ್ತ ಜಾಗಗಳಿಗೆ ಮಣ್ಣು ತುಂಬ್ತಾರೆ. ನನ್ನ ಮಗಳು ಅವತ್ತು ರಾತ್ರಿ ಕೆನ್ನೆಗೆ ಕೈ ಕೊಟ್ಟುಕೊಂಡು ಅದನ್ನೇ ನೋಡ್ತಾ ಕೂತಿದ್ದಳು. ಆ ಇಪ್ಪತ್ತು ನಿಮಿಷಕ್ಕೆ ಅವಳಪ್ಪ ರೇಟು ಹಾಕಿಲ್ಲ.